ಮೂವತ್ತರಲ್ಲಿ ನಲವತ್ತೆರಡು

10 ಜೂನ್ 2025, ಮಂಗಳವಾರ

ರಾತ್ರಿ ಹನ್ನೊಂದೂವರೆ. ನಿದ್ದೆ ಬರುತ್ತಿಲ್ಲ. ಬರೆದಾದರೂ ಮಲಗೋಣ ಎಂದು ಕೂತಿದ್ದೇನೆ.

ಬೆಳಿಗ್ಗೆ ಎರಡನೇ ಟೇಬಲ್ಲಿನಲ್ಲಿ ಸಿಸೇರಿಯನ್. ಇಪ್ಪತ್ಮೂರು ವರ್ಷದ ಹುಡುಗಿ, ಚೊಚ್ಚಲು. ನಾನು ಪಕ್ಕದ ಟೇಬಲ್ಲಿನ ಹರ್ನಿಯಾ ಕೇಸಿನಲ್ಲಿದ್ದೆ. ಎರಡನೇ ವರ್ಷದ ಪಿಜಿ ಹುಡುಗ ಬಂದು ಕೇಳಿದ: "ಮೇಡಂ, ಬುಪಿವಕೇನ್ ಹೆವಿ 1.4 ಎಂಎಲ್ ಕೊಟ್ಟು, ಜೋಡಿಗಿ ಡೆಕ್ಸ್‌ಮೆಡಿಟೊಮಿಡಿನ್ 5 ಮೈಕ್ರೋಗ್ರಾಂ ಸೇರಿಸ್ಲೇನ್ರಿ? ಬಿಪಿ ಬೀಳೂದಿಲ್ಲಂತ." ಬೆನ್ನಿಗೆ ಕೊಡುವ ಈ ಔಷಧವನ್ನು ನಾನು ಸಾಮಾನ್ಯವಾಗಿ 2 ಎಂಎಲ್ ಕೊಡಿಸುತ್ತೇನೆ. ಎಲ್ಲಿ ಓದಿದೆ ಎಂದೆ. "ನಿಮ್ಮ ಜರ್ನಲ್‌ನಾಗ ಐತ್ರಿ, 2022ರ ಸಂಚಿಕೆ. ಮೂವತ್ತು ಮಂದ್ಯಾಗ ಒಬ್ಬರಿಗೂ ಹೆಚ್ಚಿನ ಔಷಧ ಬೇಕಾಗಿಲ್ಲ."

ನಾನು ಎಡಿಟರ್ ಆಗಿರುವ ಪತ್ರಿಕೆ. ನಾನೇ ಸಹಿ ಹಾಕಿ ಪ್ರೆಸ್ಸಿಗೆ ಕಳಿಸಿದ ಲೇಖನ. ಹೂಂ ಅಂದುಬಿಟ್ಟೆ.

ಮಗು ಹೊರಬರುವವರೆಗೆ ಎಲ್ಲ ಸರಿಯಿತ್ತು. ಗರ್ಭಕೋಶವನ್ನು ಹೊರಗೆಳೆದು ಹೊಲಿಯುವಾಗ ಆಕೆ ಕೂಗಿಕೊಂಡಳು. "ಯವ್ವಾ, ಕೊಯ್ಯಾಕತ್ತಾರ, ಗೊತ್ತಾಗಾಕತ್ತೈತಿ" ಎಂದಳು. ನಾನು ಓಡಿಹೋಗುವಷ್ಟರಲ್ಲಿ ಆಕೆಯ ಕೈಗಳನ್ನು ಸಿಸ್ಟರ್ ಹಿಡಿದುಕೊಂಡಿದ್ದರು. ಕೆಟಮಿನ್ ಕೊಟ್ಟೆ. ಅದು ಹತ್ತುವವರೆಗಿನ ಒಂದು ನಿಮಿಷ ಇತ್ತಲ್ಲ, ಅದು ಈಗಲೂ ಕಿವಿಯಲ್ಲಿದೆ. ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ನೋವಾಗದಂತೆ ನೋಡಿಕೊಳ್ಳುವುದೊಂದೇ ನನ್ನ ವೃತ್ತಿ.

11 ಜೂನ್, ಬುಧವಾರ, ಕಾರಹುಣ್ಣಿಮೆ

ಬೆಳಿಗ್ಗೆ ವಾರ್ಡಿಗೆ ಹೋಗಿ ಆಕೆಯ ಮುಂದೆ ಕೂತೆ. ನಿನ್ನೆ ಔಷಧ ಸಾಲಲಿಲ್ಲ, ಅದು ನಮ್ಮ ತಪ್ಪು, ನಿನ್ನದಲ್ಲ ಎಂದೆ. ಮುಂದಿನ ಹೆರಿಗೆಗೆ ಹೆದರಬೇಡ ಎಂದೂ ಹೇಳಿದೆ. ಆಕೆಯ ಅವ್ವ ನನಗೇ ಸಮಾಧಾನ ಹೇಳಿದರು: "ಇರ್ಲಿ ಬಿಡ್ರಿ ಬಾಯಾರ, ಹೆಣ್ಣಿನ ಜನ್ಮ, ತಡಕೋಬೇಕು." ಅದನ್ನು ಕೇಳಿ ಇನ್ನೂ ಸಂಕಟವಾಯಿತು.

ಸಂಜೆ ಆ ಲೇಖನ ತೆಗೆದು ಓದಿದೆ. ಎರಡು ಗುಂಪು, ತಲಾ 30 ಹೆಂಗಸರು. ಒಂದು ಗುಂಪಿಗೆ ಮಾಮೂಲಿ ಡೋಸು, ಇನ್ನೊಂದಕ್ಕೆ ಕಡಿಮೆ ಡೋಸು. ಕೋಷ್ಟಕ ಮೂರರಲ್ಲಿ ಅಡ್ಡಪರಿಣಾಮಗಳಿವೆ. ನಡುಕ ಬಂದವರು ಮಾಮೂಲಿ ಗುಂಪಿನಲ್ಲಿ ಶೇ 42, ಇನ್ನೊಂದರಲ್ಲಿ ಶೇ 17.

ಮೂವತ್ತು ಜನರಲ್ಲಿ 12 ಮಂದಿಗೆ ನಡುಕ ಬಂದರೆ ಶೇ 40. 13 ಮಂದಿಗಾದರೆ ಶೇ 43.3. ನಡುವೆ ಏನೂ ಇಲ್ಲ. ನಲವತ್ತೆರಡು ಎಲ್ಲಿಂದ ಬಂತು? ಹೆಂಗಸರನ್ನು ಅರ್ಧ ಮಾಡಿ ಎಣಿಸಲು ಬರುವುದಿಲ್ಲ. ಹೈಸ್ಕೂಲಿನ ಮಗು ಹಿಡಿಯಬಹುದಾದ ಲೆಕ್ಕ ಇದು. ಮೂರು ವರ್ಷದ ಹಿಂದೆ ಇದೇ ಕೋಷ್ಟಕದ ಮೇಲೆ ನನ್ನ ಕಣ್ಣು ಹಾಯ್ದಿತ್ತು. ಅಂದು ಅದರ ಗೆರೆಗಳು ಸರಿಯಾಗಿ ಬಂದಿಲ್ಲವೆಂದು ಪ್ರೆಸ್ಸಿನವರಿಗೆ ಫೋನ್ ಮಾಡಿದ್ದೆ. ಅಂಕಿ ನೋಡಿರಲಿಲ್ಲ.

14 ಜೂನ್, ಶನಿವಾರ

ಹಳೆಯ ಕಡತ ತೆರೆದೆ. ಲೇಖನ ಇಬ್ಬರು ರಿವ್ಯೂವರ್‌ಗಳಿಗೆ ಹೋಗಿತ್ತು. ಒಬ್ಬರು ಮೂರು ಸಲ ನೆನಪಿಸಿದರೂ ಉತ್ತರಿಸಿಲ್ಲ. ಇನ್ನೊಬ್ಬರದು ನಾಲ್ಕು ಸಾಲು: ಅಧ್ಯಯನ ಚೆನ್ನಾಗಿದೆ, ಇಂಗ್ಲಿಷ್ ತಿದ್ದಿಸಿ, ಪ್ರಕಟಿಸಬಹುದು. ಅವರು ಯಾರೆಂದು ಇಲ್ಲಿಯೂ ಬರೆಯಲಾರೆ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟಿದ್ದೇನೆ, ಆ ಮಾತು ಈ ಪುಸ್ತಕಕ್ಕೂ ಅನ್ವಯಿಸುತ್ತದೆ. ಅವರಿಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ, ಡ್ಯೂಟಿ ಮುಗಿಸಿ ರಾತ್ರಿ ಓದುತ್ತಾರೆ ಎಂಬುದೂ ನಿಜ. ಆದರೆ ಆ ನಾಲ್ಕು ಸಾಲು ಸಾಕು ಎಂದು ತೀರ್ಮಾನಿಸಿದ್ದು ಅವರಲ್ಲ, ನಾನು. ಸಂಚಿಕೆಗೆ ಒಂದು ಲೇಖನ ಕಡಿಮೆ ಬಿದ್ದಿತ್ತು. ತಡವಾದರೆ ಇಂಡೆಕ್ಸಿಂಗ್ ಹೋಗುತ್ತದೆಂಬ ಭಯ ಇತ್ತು.

ಇನ್ನೊಂದು ಕಂಡಿತು. ಲೇಖನದಲ್ಲಿ ಸಿಟಿಆರ್‌ಐ ನೋಂದಣಿ ಸಂಖ್ಯೆಯೇ ಇಲ್ಲ. ನಮ್ಮ ದೇಶದಲ್ಲಿ ರೋಗಿಗಳ ಮೇಲಿನ ಪ್ರಯೋಗಗಳಿಗೆ 2007ರಿಂದ ಈ ನೋಂದಣಿ ಇದೆ, 2009ರಿಂದ ಕಡ್ಡಾಯ. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು. ಎಷ್ಟು ಮಂದಿಯನ್ನು ತಗೊಳ್ಳುತ್ತೇವೆ, ಏನನ್ನು ಅಳೆಯುತ್ತೇವೆ ಎಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ಫಲಿತಾಂಶ ನೋಡಿಕೊಂಡು ಗೆರೆ ಸರಿಸಲಾಗುವುದಿಲ್ಲ, ಅದಕ್ಕೆ ಇರುವ ಕಟ್ಟಳೆ ಅದು. ಲೇಖಕರಿಗೆ ಕೊಡುವ ನಮ್ಮ ಸೂಚನೆಗಳಲ್ಲಿ ನಾನೇ ಅದನ್ನು ಬರೆದಿದ್ದೇನೆ. ಬರೆದವಳು ಕೇಳಲಿಲ್ಲ.

ಲೇಖಕರ ಹೆಸರುಗಳ ಸಾಲಿನಲ್ಲಿ ಕೊನೆಯದು ಸರ್ ಹೆಸರು. ನನಗೆ ಮೊಟ್ಟಮೊದಲು ಸ್ಪೈನಲ್ ಸೂಜಿ ಹಿಡಿಯಲು ಕಲಿಸಿದವರು. ಮೊದಲನೆಯದು ಆಗ ಪಿಜಿಯಾಗಿದ್ದ ಅವರ ವಿದ್ಯಾರ್ಥಿಯದು. ಈಗಷ್ಟೇ ಅನಿಸುತ್ತಿದೆ, ಅಂದು ನಾನು ಲೇಖನವನ್ನು ಕೊನೆಯ ಹೆಸರಿನಿಂದ ಓದಲು ಶುರು ಮಾಡಿದ್ದೆ.

15 ಜೂನ್, ಭಾನುವಾರ

ದಿನವಿಡೀ ಮಳೆ. ಇವರು ಸಂತೆಗೆ ಹೋಗಿ ಬಂದು, ನಾನು ಬೆಳಿಗ್ಗೆ ಕೂತಲ್ಲೇ ಕೂತಿರುವುದನ್ನು ಕಂಡು ಏನೂ ಕೇಳದೆ ಚಹಾ ಇಟ್ಟು ಹೋದರು.

ನಮ್ಮ ವೃತ್ತಿಗೆ ಈ ಪಾಪ ಹೊಸದಲ್ಲ. ಅರಿವಳಿಕೆ ತಜ್ಞರಿಗೆಲ್ಲ ಗೊತ್ತಿರುವ ಹೆಸರು ಯೋಶಿತಾಕಾ ಫುಜಿಯದು. ಆಪರೇಷನ್ ನಂತರದ ವಾಂತಿ ತಡೆಯುವ ಔಷಧಗಳ ಮೇಲೆ ಈ ಜಪಾನಿ ವೈದ್ಯ ಸಾಲು ಸಾಲಾಗಿ ಲೇಖನ ಬರೆದ. 2000ದಲ್ಲೇ ಜರ್ಮನಿಯ ಮೂವರು ವೈದ್ಯರು 'ಅನಸ್ತೀಷಿಯಾ ಅಂಡ್ ಅನಾಲ್ಜೀಷಿಯಾ' ಪತ್ರಿಕೆಗೆ ಪತ್ರ ಬರೆದು, ಈತನ ಅಂಕಿಗಳು ನಂಬಲಾರದಷ್ಟು ಅಂದವಾಗಿವೆ ಎಂದು ತೋರಿಸಿದ್ದರು. ಯಾವ ಗುಂಪು ನೋಡಿದರೂ ತಲೆನೋವು ಬಂದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಪತ್ರ ಅಚ್ಚಾಯಿತು, ಫುಜಿಯ ಉತ್ತರವೂ ಅಚ್ಚಾಯಿತು, ಅಲ್ಲಿಗೇ ಮುಗಿಯಿತು. ಬೇರೆ ಬೇರೆ ಪತ್ರಿಕೆಗಳು ಅವನನ್ನು ಮತ್ತೂ ವರ್ಷಗಟ್ಟಲೆ ಪ್ರಕಟಿಸಿದವು.

2012ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನ ಆಸ್ಪತ್ರೆಯಲ್ಲಿ ನಮ್ಮ ಹಾಗೆಯೇ ಡ್ಯೂಟಿ ಮಾಡುವ ಜಾನ್ ಕಾರ್ಲೈಲ್ ಫುಜಿಯ 168 ಪ್ರಯೋಗಗಳನ್ನು ಲೆಕ್ಕ ಹಾಕಿ ನೋಡಿದರು. ಚೀಟಿ ಎತ್ತಿ ಎರಡು ಗುಂಪು ಮಾಡಿದರೆ ಅವರ ವಯಸ್ಸು, ತೂಕ, ಎತ್ತರದಲ್ಲಿ ಒಂದಿಷ್ಟು ಏರುಪೇರು ಇದ್ದೇ ಇರುತ್ತದೆ. ದೇವರು ಚೀಟಿ ಎತ್ತಿದಾಗ ಬರುವ ಏರುಪೇರು ಮನುಷ್ಯ ಕೂತು ಅಂಕಿ ಬರೆದಾಗ ಬರುವುದಿಲ್ಲ, ಕೈ ತಾನಾಗಿ ಸಮ ಮಾಡುತ್ತದೆ. ಕಾರ್ಲೈಲ್ ಹಿಡಿದದ್ದು ಅದನ್ನು. ಅದೇ ವರ್ಷ ಜಪಾನಿನ ಅರಿವಳಿಕೆ ಸಂಘ 212 ಲೇಖನ ಪರಿಶೀಲಿಸಿತು. 172 ಕಟ್ಟುಕತೆ, 37ರ ಬಗ್ಗೆ ಹೇಳಲಾಗದು, ಸಾಚಾ ಎನ್ನಬಹುದಾದ್ದು ಮೂರೇ ಮೂರು.

ನನ್ನನ್ನು ಕಾಡುತ್ತಿರುವುದು ಫುಜಿ ಅಲ್ಲ. 2000ದಿಂದ 2012ರವರೆಗೆ ಎಡಿಟರ್ ಕುರ್ಚಿಗಳಲ್ಲಿ ಕೂತಿದ್ದವರು. ಅವರಲ್ಲಿ ಯಾರೂ ಕೆಟ್ಟವರಾಗಿರಲಿಕ್ಕಿಲ್ಲ. ನನ್ನ ಹಾಗೆಯೇ ಸಂಚಿಕೆ ಹೊರಡಿಸುವ ಗಡಿಬಿಡಿಯಲ್ಲಿದ್ದಿರಬೇಕು.

19 ಜೂನ್, ಗುರುವಾರ

ಮೊದಲ ಲೇಖಕನಿಗೆ ಪತ್ರ ಕಳಿಸಿದೆ, ಉಳಿದ ಮೂವರಿಗೂ ಪ್ರತಿ. ಬರೆಯಲು ನಾಲ್ಕು ದಿನ ಹಿಡಿಯಿತು. ಸುಳ್ಳು, ಮೋಸ, ಕಳವು ಈ ಯಾವ ಶಬ್ದವೂ ಬರಬಾರದು. ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ 1997ರಲ್ಲಿ ಕಟ್ಟಿದ 'ಕೋಪ್' ಎಂಬ ಸಮಿತಿ ಇಂಥ ಹೊತ್ತಿಗೆಂದೇ ಒಂದು ದಾರಿ ಹಾಕಿಕೊಟ್ಟಿದೆ. ಮೊದಲು ಲೇಖಕರನ್ನು ಕೇಳಬೇಕು, ಮೂಲ ದಾಖಲೆ ಬೇಡಬೇಕು, ಉತ್ತರ ಸಮಾಧಾನ ತರದಿದ್ದರೆ ಅವರ ಸಂಸ್ಥೆಗೆ ತಿಳಿಸಬೇಕು. ಎಡಿಟರ್ ಪೊಲೀಸೂ ಅಲ್ಲ, ನ್ಯಾಯಾಧೀಶನೂ ಅಲ್ಲ. ಅಂಕಿ ತಪ್ಪಿದೆ ಎನ್ನಲು ನನಗೆ ಅಧಿಕಾರವಿದೆ, ಹುಡುಗ ಕೆಟ್ಟವನು ಎನ್ನಲು ಇಲ್ಲ. ಬರೇ ಟೈಪಿಂಗ್ ತಪ್ಪಿರಲಿ ಎಂದು ಮನಸ್ಸು ಹಾರೈಸುತ್ತಲೂ ಇದೆ.

ಆದರೆ ಡೋಸಿನ ವಿಷಯ ಉತ್ತರಕ್ಕಾಗಿ ಕಾಯುವಂಥದ್ದಲ್ಲ. ವೆಬ್‌ಸೈಟಿನಲ್ಲಿ ಆ ಲೇಖನದ ನೆತ್ತಿಯ ಮೇಲೆ ಎಚ್ಚರಿಕೆಯ ಟಿಪ್ಪಣಿ ಹಾಕಿಸಿದೆ: ಇದರ ಅಂಕಿಗಳ ಬಗ್ಗೆ ಪ್ರಶ್ನೆ ಎದ್ದಿದೆ, ಪರಿಶೀಲನೆ ನಡೆದಿದೆ. ನಮ್ಮ ಓಟಿಯ ಬೋರ್ಡಿನಲ್ಲಿ ಕೈಯಾರೆ ಬರೆದು ಅಂಟಿಸಿದೆ. ಕಡಿಮೆ ಡೋಸಿನ ಪ್ರಯೋಗಗಳು ಬೇರೆ ಕಡೆಯೂ ನಡೆದಿವೆ. ಜೊತೆಗೆ ಎಪಿಡ್ಯೂರಲ್ ನಳಿಕೆ ಇಟ್ಟುಕೊಂಡು, ನೋವೆಂದರೆ ತಕ್ಷಣ ಅದರಿಂದ ಔಷಧ ಕೊಡುವವರಿದ್ದಾರೆ. ನಮ್ಮ ಲೇಖನ ಹೇಳಿದ್ದು, ನಳಿಕೆಯ ಹಂಗಿಲ್ಲದೆ ಇದೊಂದೇ ಸಾಕು ಎಂದು.

25 ಜೂನ್, ಬುಧವಾರ

ಸರ್ ಫೋನ್. ಹೆದರಿಕೊಂಡೇ ಎತ್ತಿದೆ.

"ಏನವಾ, ಒಂದ್ ಅಂಕಿ ಸಲುವಾಗಿ ಇಷ್ಟ್ ದೊಡ್ಡ ಪತ್ರ? ಫೋನ್ ಮಾಡಿದ್ರ ನಾನ ಹೇಳ್ತಿದ್ದೆ. ನಲವತ್ಮೂರು ಆಗಿರಬೇಕು, ತಿದ್ದಿ ಬಿಡು."

ಮೂಲ ದಾಖಲೆ ಸಿಕ್ಕರೆ ತಿದ್ದುತ್ತೇನೆ ಸರ್ ಎಂದೆ.

"ಆ ಹುಡುಗ ಈಗ ಹೊಸದಾಗಿ ಕೆಲಸಕ್ಕ ಸೇರ್ಯಾನ. ಲಗ್ನ ನಿಶ್ಚಯ ಆಗೇದ. ನಿನಗ ಗೊತ್ತೈತೇನು?"

ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಭಾರ ಇನ್ನಷ್ಟು ಹೆಚ್ಚಿತು. ಫೋನ್ ಇಟ್ಟ ಮೇಲೆ ಹೊಳೆಯಿತು: ಈ ಮಾತುಕತೆಯಲ್ಲಿ ಹುಡುಗನ ಬದುಕು ಬಂತು, ಸರ್ ಗೌರವ ಬಂತು, ಪತ್ರಿಕೆಯ ಹೆಸರು ಬಂತು. ಕೈ ಹಿಡಿಸಿಕೊಂಡು ಕೂಗಿದ ಆಕೆ ಒಮ್ಮೆಯೂ ಬರಲಿಲ್ಲ. ನಾನೂ ತರಲಿಲ್ಲ. ತರಬೇಕಿತ್ತು.

6 ಜುಲೈ, ಭಾನುವಾರ

ಹುಡುಗ ಬೆಳಗಿನ ಬಸ್ಸಿಗೆ ಬಂದ. ಮೊದಲು ಮೇಲ್‌ನಲ್ಲಿ, ಲ್ಯಾಪ್‌ಟಾಪ್ ಕೆಟ್ಟು ಫೈಲೆಲ್ಲ ಹೋಗಿದೆ ಎಂದು ಬರೆದಿದ್ದ. ಎರಡು ದಿನದ ಬಳಿಕ, ಖುದ್ದಾಗಿ ಬರಲೇ ಎಂದು ಕೇಳಿದ. ತಿಂಡಿ ಕೊಟ್ಟರೆ ಮುಟ್ಟಲಿಲ್ಲ. ಮಾತು ಹೊರಡಲು ಅರ್ಧ ತಾಸು ಬೇಕಾಯಿತು.

ಅರವತ್ತು ಕೇಸು ಆಗಿಯೇ ಇರಲಿಲ್ಲ. ಕೋಷ್ಟಕದಲ್ಲಿದ್ದ ನಿಜವಾದ ಕೇಸು 38. ಕೋವಿಡ್ ಕಾಲ, ಓಟಿ ತಿಂಗಳುಗಟ್ಟಲೆ ನಿಂತಿತ್ತು. ಥೀಸಿಸ್ ಒಪ್ಪಿಸುವ ದಿನ ಮಾತ್ರ ಹತ್ತಿರವಾಗುತ್ತಿತ್ತು. ಉಳಿದ 22 ಹೆಂಗಸರನ್ನು ಹಾಸ್ಟೆಲ್ ಕೋಣೆಯಲ್ಲಿ ಎರಡು ರಾತ್ರಿ ಕೂತು ತಾನೇ ಬರೆದೆ ಎಂದ. ಹೆಸರಿಲ್ಲ, ಐಪಿ ನಂಬರ್ ಇಲ್ಲ. ವಯಸ್ಸು, ತೂಕ, ಬಿಪಿ ಅಷ್ಟೇ.

ಅಷ್ಟಕ್ಕೇ ಮುಗಿಯಲಿಲ್ಲ. "ಮೇಡಂ, ಆ 38 ಬಿಟ್ಟು ಖರೇ ಆದ ಕೇಸಿನಾಗ ಇನ್ನೂ ನಾಕು ಮಂದಿಗೆ ನೋವಾಗಿತ್ರಿ. ಕೆಟಮಿನ್ ಕೊಡಬೇಕಾತು. ಅವನ್ನ ತಗದೆ. ಇಟ್ಟಿದ್ರ ಸ್ಟಡಿ ಫೇಲ್ ಅನಿಸ್ತಿತ್ತು."

ನಾಲ್ಕು ಜನ. ಆ ನಾಲ್ವರು ಕೋಷ್ಟಕದಲ್ಲಿದ್ದಿದ್ದರೆ ನಮ್ಮ ಪಿಜಿ ಆ ಡೋಸು ಕೇಳುತ್ತಲೇ ಇರಲಿಲ್ಲ. ಇಲ್ಲದ 22 ಮಂದಿಯನ್ನು ಹುಟ್ಟಿಸಿದ್ದಕ್ಕಿಂತ ಇದ್ದ ನಾಲ್ವರನ್ನು ಅಳಿಸಿದ್ದು ದೊಡ್ಡ ತಪ್ಪು ಎಂದು ನನಗನಿಸುತ್ತದೆ. ಅವರು ನೋವು ತಿಂದು ನಮಗೊಂದು ಪಾಠ ಕೊಟ್ಟಿದ್ದರು. ನಾವು ಅದನ್ನು ಪಡೆಯಲೇ ಇಲ್ಲ.

ನಿನ್ನ ಗೈಡ್ ಏನೆಂದರು ಎಂದು ಕೇಳಿದೆ. "ನೋಡ್ಲಿಲ್ರಿ. ಸಹಿ ಮಾಡಿದ್ರು." ಥೀಸಿಸ್ ಮುಗಿದ ಮೇಲೆ ಪ್ರಕಟಣೆ ಬೇಕೆಂದು ವಿಭಾಗದಲ್ಲಿ ಒತ್ತಾಯ. ಹಣ ತೆಗೆದುಕೊಂಡು ಏನನ್ನಾದರೂ ಹಾಕುವ ಪತ್ರಿಕೆಗಳಿಂದ ಮೇಲ್ ಬರುತ್ತಲೇ ಇದ್ದವು, ಅವಕ್ಕೆ ಕೊಡದೆ ಒಳ್ಳೆಯ ಪತ್ರಿಕೆ ಎಂದು ನಿಮಗೇ ಕಳಿಸಿದೆ ಎಂದ. ಅವನು ನೊಂದುಕೊಂಡೇ ಹೇಳಿದ ಮಾತು, ನನಗೆ ಚುಚ್ಚಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಂಥ ಲೈಕನ್‌ನಿಂದ ಕ್ಯಾನ್ಸರ್ ಔಷಧ ಸಿಕ್ಕಿದೆ ಎಂಬ ತಪ್ಪುಗಳಿಂದ ತುಂಬಿದ ನಕಲಿ ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿ ಪರೀಕ್ಷಿಸಿದ್ದ. 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಆ ವರದಿಯನ್ನು ಪಿಜಿಗಳಿಗೆ ಪಾಠದಲ್ಲಿ ಹೇಳುತ್ತೇನೆ. ಆ ಎರಡು ಸಾಲುಗಳಲ್ಲಿ ನಮ್ಮ ಪತ್ರಿಕೆ ಯಾವುದರಲ್ಲಿ ನಿಲ್ಲುತ್ತಿತ್ತು? ನಾವು ಹಣ ತೆಗೆದುಕೊಳ್ಳುವುದಿಲ್ಲ. ಆದರೆ ನಾವೂ ಓದಲಿಲ್ಲ.

ಹೋಗುವಾಗ ಹುಡುಗ, ನನ್ನ ಬದುಕು ಮುಗೀತೇನ್ರಿ ಮೇಡಂ ಎಂದ. ಸುಳ್ಳು ಸಮಾಧಾನ ಹೇಳಲು ನಾಲಿಗೆ ಬರಲಿಲ್ಲ. ಈಗ ನನಗೆ ಹೇಳಿದ್ದನ್ನೇ ಬರೆದು ಸಹಿ ಮಾಡಿ ಕಳಿಸು, ನೀನಾಗಿ ಒಪ್ಪಿಕೊಂಡೆ ಎಂದು ನಾನು ಅಚ್ಚಿನಲ್ಲಿ ಹಾಕುತ್ತೇನೆ ಎಂದೆ. ಬಸ್‌ಸ್ಟ್ಯಾಂಡಿಗೆ ಇವರೇ ಬಿಟ್ಟು ಬಂದರು.

10 ಜುಲೈ, ಗುರುವಾರ, ಗುರುಪೂರ್ಣಿಮೆ

ಪ್ರತಿ ವರ್ಷದಂತೆ ಹೂ, ಹಣ್ಣು ಹಿಡಿದು ಸರ್ ಮನೆಗೆ ಹೋದೆ. ಹೋಗಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದ್ದೆ. ಹೋಗದಿದ್ದರೆ ಅದು ಬೇರೆಯೇ ತಪ್ಪಾಗುತ್ತಿತ್ತು. ಕಾಲಿಗೆ ನಮಸ್ಕರಿಸಿದೆ. ಸರ್ ಮನೆಯ ಅಮ್ಮ ಎಂದಿನಂತೆ ಅವಲಕ್ಕಿ ಕೊಟ್ಟರು.

ಅವರು ಒಳಗೆ ಹೋದ ಮೇಲೆ ಸರ್ ನಿಧಾನವಾಗಿ ಅಂದರು: "ನಾ ಓದಿರಲಿಲ್ಲವಾ. ಹೆಡ್ ಅಂತ ಹೆಸರ ಹಾಕ್ತಾರ, ಮೊದಲಿಂದ ಹಂಗ ನಡದ ಬಂದದ. ನಮ್ಮ ಗುರುಗಳೂ ಹಂಗ."

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತು ಹಾಕಿದೆ. ನಾಲ್ಕನೆಯದು ಸೇರಿದ್ದು 2013ರಲ್ಲಿ: ಲೇಖನದ ಪ್ರತಿಯೊಂದು ಅಂಶಕ್ಕೂ ನಾನು ಉತ್ತರದಾಯಿ ಎಂದು ಒಪ್ಪಿಕೊಳ್ಳಬೇಕು. ಇದು ಸರ್‌ಗೆ ಗೊತ್ತಿಲ್ಲದ್ದಲ್ಲ. ಹಾಗಾಗಿ ಅದನ್ನು ಹೇಳಲಿಲ್ಲ. ಬದಲಿಗೆ ಒಂದು ಬಾಟಲಿಯ ನೆನಪು ಮಾಡಿದೆ.

ನಾನು ಪಿಜಿ ಇದ್ದಾಗ ಬಿಪಿ ಬಿದ್ದ ರೋಗಿಗೆ ಸ್ಟಾರ್ಚ್ ದ್ರಾವಣ ಏರಿಸುವುದನ್ನು ಸರ್ ಕಲಿಸಿದ್ದರು. ಜಗತ್ತೆಲ್ಲ ಏರಿಸುತ್ತಿತ್ತು. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನ ಯೋಆಕಿಮ್ ಬೋಲ್ಟ್ ಅದು ಸುರಕ್ಷಿತ ಎಂದು ಲೇಖನದ ಮೇಲೆ ಲೇಖನ ಬರೆದಿದ್ದರು. 2009ರ ಅವರದೊಂದು ಲೇಖನದ ಅಂಕಿಗಳು ತೀರ ಒಪ್ಪವಾಗಿವೆ ಎಂದು ಓದುಗರು ಸಂಪಾದಕರಿಗೆ ಬರೆದರು. ಕೆದಕಿದಾಗ ಎಥಿಕ್ಸ್ ಕಮಿಟಿಯ ಒಪ್ಪಿಗೆಯೇ ಇಲ್ಲದ ಅಧ್ಯಯನಗಳು ರಾಶಿಯಾಗಿ ಹೊರಬಿದ್ದವು. 2013ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಅವರ 7 ಪ್ರಯೋಗಗಳನ್ನು ಬದಿಗಿಟ್ಟು ಲೆಕ್ಕ ಹಾಕಿತು. ಆಗ ಕಂಡದ್ದು, ತೀವ್ರ ಅಸ್ವಸ್ಥರಿಗೆ ಸ್ಟಾರ್ಚ್ ಕೊಟ್ಟಲ್ಲಿ ಸಾವು ಹೆಚ್ಚು, ಕಿಡ್ನಿಗೆ ಪೆಟ್ಟು ಹೆಚ್ಚು.

"ನಾವಿಬ್ರೂ ಎಷ್ಟು ಬಾಟಲಿ ಏರಿಸೀವಿ ಸರ್" ಎಂದೆ. "ನಮ್ಮ ಕೈಯಾಗ ತಪ್ಪಿರಲಿಲ್ಲ. ಓದಿದ್ದನ್ನ ನಂಬಿದ್ವಿ."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಳೆ ಬರುವ ಹಾಗಿದೆ, ಹೊರಡು ಎಂದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

20 ಜುಲೈ, ಭಾನುವಾರ

ಸಂಪಾದಕ ಮಂಡಳಿಯ ಸಭೆ, ಆನ್‌ಲೈನ್. ಎರಡೂವರೆ ತಾಸು.

ಒಬ್ಬರು, ನಲವತ್ತೆರಡನ್ನು ನಲವತ್ಮೂರು ಮಾಡಿ ತಿದ್ದುಪಡಿ ಹಾಕೋಣ ಎಂದರು. ಹುಡುಗನ ಪತ್ರ ಓದಿದ ಮೇಲೆ ಆ ಮಾತು ನಿಂತಿತು. ಇನ್ನೊಬ್ಬರು, ಸದ್ದಿಲ್ಲದೆ ವೆಬ್‌ಸೈಟಿನಿಂದ ತೆಗೆದುಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಎಲ್ಲರ ಮರ್ಯಾದೆ ಉಳಿಯಲಿ ಎಂದೇ ಹೇಳಿದರು. ಆದರೆ ಯಾರಿಗೂ ಗೊತ್ತಾಗದಿದ್ದರೆ ಅದೇ ಅಪಾಯ. ಮುದ್ರಿತ ಸಂಚಿಕೆ ಕಾಲೇಜುಗಳ ಲೈಬ್ರರಿಯಲ್ಲಿದೆ. ಪಿಡಿಎಫ್ ಯಾರ ಯಾರ ಫೋನಿನಲ್ಲೋ ಇದೆ. ಬೇರೆ ಲೇಖನಗಳು ಅದನ್ನು ಉಲ್ಲೇಖಿಸಿವೆ. ಲೇಖನವನ್ನು ಅಲ್ಲೇ ಇಟ್ಟು, ಪ್ರತಿ ಪುಟದ ಮೇಲೂ 'ಹಿಂಪಡೆಯಲಾಗಿದೆ' ಎಂದು ಒತ್ತಿ, ಏಕೆ ಹಿಂಪಡೆದೆವು, ಯಾರು ಹಿಂಪಡೆದರು, ಯಾವಾಗ ಎಂದು ಬಿಡಿಸಿ ಬರೆಯಬೇಕು. ಹಣ ಕೊಡದೆ ಎಲ್ಲರಿಗೂ ಓದಲು ಸಿಗುವಂತಿರಬೇಕು.

ಆಂಡ್ರ್ಯೂ ವೇಕ್‌ಫೀಲ್ಡ್‌ನ ಲೇಖನ ನೆನಪಿಸಿದೆ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆ ಬರಹ, 12 ಮಕ್ಕಳ ಮೇಲೆ ನಡೆಸಿದ್ದು, 1998ರ ಫೆಬ್ರುವರಿಯಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಪೂರ್ತಿ ಹಿಂಪಡೆದದ್ದು 2010ರ ಫೆಬ್ರುವರಿಯಲ್ಲಿ. ಆ ಹನ್ನೆರಡು ವರ್ಷದಲ್ಲಿ ಹರಡಿದ ಭಯ ಇಂದಿಗೂ ನಮ್ಮ ಮಕ್ಕಳ ವಿಭಾಗದ ಮುಂದೆ ನಿಂತು, ಈ ಸೂಜಿ ಬೇಡ್ರಿ ಎನ್ನುತ್ತದೆ. ಅದೇ 'ಲ್ಯಾನ್ಸೆಟ್' 2020ರ ಮೇ 22ರಂದು ಹೈಡ್ರಾಕ್ಸಿಕ್ಲೋರೊಕ್ವಿನ್ ಕುರಿತು 96,032 ರೋಗಿಗಳ ಲೆಕ್ಕ ಕೊಟ್ಟ ಲೇಖನ ಹಾಕಿತು. ಅಂಕಿಗಳ ಮೂಲ ಒಂದೇ ಖಾಸಗಿ ಕಂಪನಿಯ ಬಳಿ, ಸ್ವತಂತ್ರ ಪರಿಶೀಲನೆಗೆ ಅದು ಸಿಗಲಿಲ್ಲ. ಜೂನ್ 4ಕ್ಕೆ ಹಿಂಪಡೆಯಲಾಯಿತು. ಹದಿಮೂರು ದಿನ. ಹೊರಗಿನ ವಿಜ್ಞಾನಿಗಳು ಗಟ್ಟಿಯಾಗಿ ಕೇಳಿದ್ದರಿಂದ ಅಷ್ಟು ಬೇಗ ಆಯಿತು. ನಮ್ಮಂಥ ಸಣ್ಣ ಪತ್ರಿಕೆಯನ್ನು ಕೇಳುವವರು ಯಾರು? ನಾವೇ ಕೇಳಿಕೊಳ್ಳಬೇಕು.

ಕೊನೆಗೆ ಏಳು ಮಂದಿಯಲ್ಲಿ ಐವರು ಒಪ್ಪಿದರು. ನಾಲ್ಕು ಸಾಲಿನ ರಿವ್ಯೂ ಒಪ್ಪಿ, ನೋಂದಣಿ ಕೇಳದೆ ಲೇಖನವನ್ನು ಪಾಸು ಮಾಡಿದ್ದು ಎಡಿಟರ್ ತಪ್ಪು ಎಂಬ ವಾಕ್ಯವೂ ಪ್ರಕಟಣೆಯಲ್ಲಿ ಇರಬೇಕೆಂದೆ. ಅದು ಬೇಡ, ಪತ್ರಿಕೆಗೆ ಧಕ್ಕೆ ಎಂದರು. ಅದು ಇಲ್ಲದೆ ನಾನು ಸಹಿ ಮಾಡುವುದಿಲ್ಲ ಎಂದೆ. ಹುಡುಗನ ತಪ್ಪನ್ನು ಅವನ ಹೆಸರಿನ ಜೊತೆ ಅಚ್ಚು ಹಾಕಿ ನನ್ನದನ್ನು ಮುಚ್ಚಿಟ್ಟುಕೊಳ್ಳಲು ನನ್ನಿಂದಾಗದು.

22 ಜುಲೈ, ಮಂಗಳವಾರ

ಲಸಿಕೆ ಕೋಣೆಯ ಮುಂದೆ ಆಕೆ ಸಿಕ್ಕಳು, ಆರು ವಾರದ ಚುಚ್ಚುಮದ್ದಿಗೆ ಬಂದಿದ್ದಳು. ಮಗು ಮೈತುಂಬಿಕೊಂಡಿದೆ. ನನ್ನನ್ನು ಗುರುತು ಹಿಡಿದು ನಕ್ಕಳು. ಕುಶಲ ಕೇಳಿದ ಮೇಲೆ, ಅವತ್ತು ಏಕೆ ಹಾಗಾಯಿತು ಎಂದು ಈಗ ಗೊತ್ತಾಗಿದೆ, ಹೇಳಲೇ ಎಂದೆ. ತಲೆಯಾಡಿಸಿದಳು. ಒಂದು ಪುಸ್ತಕದಲ್ಲಿ ತಪ್ಪು ಬರೆದಿತ್ತು, ಅದನ್ನು ನಾನೇ ಅಚ್ಚು ಹಾಕಿಸಿದ್ದೆ, ಅದನ್ನು ನಂಬಿ ಔಷಧ ಕಡಿಮೆ ಕೊಟ್ಟೆವು, ಈಗ ಅದು ತಪ್ಪೆಂದು ಎಲ್ಲರಿಗೂ ತಿಳಿಸುತ್ತಿದ್ದೇವೆ ಎಂದೆ.

ಆಕೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಅಲ್ರೀ, ಬರಿಯೂಕಿಂತ ಮೊದಲ ಹಂಗ ನೋವಾದವರನ್ನ ಯಾರೂ ಕೇಳ್ಲಿಲ್ಲೇನ್ರಿ?"

29 ಜುಲೈ, ಮಂಗಳವಾರ, ನಾಗರಪಂಚಮಿ

ಶೇಂಗಾ ಉಂಡಿ, ಎಳ್ಳುಂಡಿ. ಮಗಳು ವಿಡಿಯೊ ಕರೆ ಮಾಡಿ ಜೋಕಾಲಿ ತೋರಿಸೆಂದಳು.

ಮಧ್ಯಾಹ್ನ ನನ್ನದೇ ಪ್ರಕಟಣೆಗಳ ಪಟ್ಟಿ ತೆಗೆದು ಕೂತೆ. 2009ರ ಒಂದು ಲೇಖನದಲ್ಲಿ ಮೂರನೆಯ ಹೆಸರು ನನ್ನದು. ಆ ಕೇಸುಗಳು ನಡೆದಾಗ ನಾನು ಹೆರಿಗೆ ರಜೆಯಲ್ಲಿದ್ದೆ. ವಿಭಾಗದವರೆಂದು ಪ್ರೀತಿಯಿಂದ ಸೇರಿಸಿದ್ದರು, ನಾನು ಖುಷಿಯಿಂದ ಒಪ್ಪಿದ್ದೆ, ಬಡ್ತಿಯ ಅರ್ಜಿಯಲ್ಲಿ ಎಣಿಸಿಯೂ ಇದ್ದೆ. ಸರ್‌ಗೆ ಹೇಳಿದ್ದು ನನಗೆ ಅನ್ವಯಿಸದೆ ಇರಲು ಹೇಗೆ ಸಾಧ್ಯ? ಆ ಪತ್ರಿಕೆಯ ಸಂಪಾದಕರಿಗೆ, ನನ್ನ ಹೆಸರು ತೆಗೆಯಿರಿ ಎಂದು ಬರೆದೆ. ಜೊತೆಯ ಲೇಖಕರಿಗೂ ಪ್ರತಿ ಕಳಿಸಿದೆ. ಕಾಲೇಜಿಗೆ ಕೊಟ್ಟ ಬಯೋಡೇಟಾದಿಂದ ಅದನ್ನು ಕೈಬಿಟ್ಟು ತಿಳಿಸಿದೆ.

13 ಆಗಸ್ಟ್, ಬುಧವಾರ

ಇವತ್ತು ಬೆಳಿಗ್ಗೆ ಪ್ರಕಟಣೆ ವೆಬ್‌ಸೈಟಿಗೆ ಏರಿತು. ಇಂಡೆಕ್ಸ್ ಮಾಡುವವರಿಗೆಲ್ಲ ಪತ್ರ ಹೋಯಿತು. ಲೇಖನವನ್ನು ಉಲ್ಲೇಖಿಸಿದ ಐವರು ಲೇಖಕರಿಗೆ ಬೇರೆ ಬೇರೆಯಾಗಿ ಬರೆದೆ. ಲೈಬ್ರರಿಗಳಿಗೆ ಅಂಚೆಯಲ್ಲಿ ಒಂದೊಂದು ಚೀಟಿ ಕಳಿಸಿದೆ, ಆ ಸಂಚಿಕೆಯ ಆ ಪುಟಕ್ಕೆ ಅಂಟಿಸಿ ಎಂದು. ಹುಡುಗನ ಸಂಸ್ಥೆಗೆ ಕಡತ ಕಳಿಸಿಯಾಗಿದೆ. ಮುಂದಿನದು ಅವರ ವಿಚಾರಣೆ.

ಪ್ರಕಟಣೆಯಲ್ಲಿ ಒಂದು ವಾಕ್ಯಕ್ಕೆ ಬಹಳ ಸೆಣಸಿದೆ. 'ದತ್ತಾಂಶದಲ್ಲಿ ಕೆಲವು ಅಸಂಗತಿಗಳು ಕಂಡುಬಂದ ಕಾರಣ' ಎಂದು ಒಬ್ಬರು ಬರೆದುಕೊಟ್ಟಿದ್ದರು. ಹೊಡೆದು ಹಾಕಿ, ಹೀಗೆ ಬರೆದೆ: 38 ಮಂದಿಯನ್ನು 60 ಎಂದು ತೋರಿಸಲಾಗಿದೆ. ಶಸ್ತ್ರಚಿಕಿತ್ಸೆಯ ವೇಳೆ ನೋವುಂಡ ನಾಲ್ವರನ್ನು ಕೈಬಿಡಲಾಗಿದೆ. ಇದರಲ್ಲಿ ಹೇಳಿದ ಡೋಸನ್ನು ಈ ಲೇಖನದ ಆಧಾರದ ಮೇಲೆ ಬಳಸಬಾರದು. ಮೊದಲ ಲೇಖಕರು ತಾವಾಗಿ ಒಪ್ಪಿಕೊಂಡಿದ್ದಾರೆ.

ಸಂಜೆಯ ಅಂಚೆಯಲ್ಲಿ ಸರ್ ಪತ್ರ ಬಂತು. ಕೈಬರಹ, ಎರಡೇ ಸಾಲು. ಹಿಂಪಡೆಯಲು ತಮ್ಮ ಒಪ್ಪಿಗೆ ಇದೆ, ಓದದೆ ಸಹಿ ಮಾಡಿದ್ದು ತಮ್ಮ ತಪ್ಪು, ಅದನ್ನೂ ಪ್ರಕಟಣೆಯಲ್ಲಿ ಸೇರಿಸಬೇಕು. ಕೂಡಲೇ ಸೇರಿಸಿ ಮತ್ತೆ ಏರಿಸಿದೆ. ಫೋನ್ ಮಾಡಲು ಧೈರ್ಯವಾಗಲಿಲ್ಲ. ನಾಳೆ ಮಾಡುತ್ತೇನೆ.

ನಾನು ಎಡಿಟರ್ ಆದ ಮೇಲೆ ಬಂದ ಸಂಚಿಕೆಗಳು ಹದಿಮೂರು. ಎಲ್ಲವನ್ನೂ ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಶೇಕಡಾ ಅಂಕಿ ಕಂಡಲ್ಲೆಲ್ಲ ಎಷ್ಟು ಮಂದಿಯಲ್ಲಿ ಎಂದು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾ ಹೋಗುತ್ತಿದ್ದೇನೆ. ಎರಡು ಸಂಚಿಕೆ ಮುಗಿದಿವೆ. ಮೂರನೆಯದರಲ್ಲಿ 25 ಮಂದಿಯ ಒಂದು ಗುಂಪಿದೆ, ಅದರಲ್ಲಿ ವಾಂತಿಯಾದವರು ಶೇ 18 ಎಂದಿದೆ. 25ರಲ್ಲಿ 4 ಆದರೆ 16, 5 ಆದರೆ 20.

ಪುಟ ಮಡಚಿಟ್ಟಿದ್ದೇನೆ. ನಾಳೆ ಗುರುವಾರ, ಓಟಿ ಇಲ್ಲ.